ಪಾಯಿಂಟ್‌ಗೆ ಎಣ್ಣೆ ಬಂದದ್ದು ಎಲ್ಲಿಂದ? ನನ್ನ ಹಳೆಯ ಚೈನ್ ಸಾ ರಿಪೇರಿಯ ಅನುಭವ

ಪುನರ್ವಸು ಮಳೆಯ ಗಾಳಿಗೆ ಹಲಸಿನ ಮರವೊಂದು ಬುಡಸಮೇತ ಕಿತ್ತು ತೋಟದ ದಾರಿಗೆ ಅಡ್ಡ ಬಿದ್ದಿತ್ತು. ಅಪ್ಪಯ್ಯನ ಕಾಲದ ಚೈನ್ ಸಾವನ್ನು ಕೊಟ್ಟಿಗೆಯಿಂದ ಹೊರತಂದೆ. ನೂರು ಸಿಸಿಗೂ ಮಿಕ್ಕಿದ ಎಂಜಿನ್, ಸಿ.ಬಿ. ಪಾಯಿಂಟ್ (ತೆರೆದು ಮುಚ್ಚಿ ಪ್ಲಗ್ಗಿಗೆ ಕಿಡಿ ಕೊಡಿಸುವ ಲೋಹದ ಜೋಡಿ) ಇರುವ ಹಳೆಯ ಮಾದರಿ. ಚೋಕ್ ಹಾಕಿ ಹಗ್ಗ ಎಳೆದೆ. ಇಪ್ಪತ್ತು ಸಲ, ಮೂವತ್ತು ಸಲ. ಒಮ್ಮೆ ಕೆಮ್ಮಿ ಸುಮ್ಮನಾಯಿತು. ರಟ್ಟೆ ಬಿದ್ದುಹೋಯಿತೇ ಹೊರತು ಎಂಜಿನ್ ಹತ್ತಲಿಲ್ಲ.

ಇಂಥ ಹೊತ್ತಿನಲ್ಲಿ ಕೈ ತಾನಾಗಿಯೇ ಗಾಳಿ, ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್‌ನ ಸ್ಕ್ರೂಗಳ ಕಡೆಗೆ ಹೋಗುತ್ತದೆ. ಹಿಂದಿನ ಬೇಸಿಗೆಯಲ್ಲಿ ನಾನು ಅದನ್ನೇ ಮಾಡಿದ್ದೆ. ಆಗ ಎಂಜಿನ್ ಹತ್ತುತ್ತಿತ್ತು, ಆದರೆ ಆಕ್ಸಿಲರೇಟರ್ ಬಿಟ್ಟರೂ ವೇಗ ಕೂಡಲೇ ಇಳಿಯುತ್ತಿರಲಿಲ್ಲ. ಪೆಟ್ರೋಲ್ ಹೆಚ್ಚು ಬರಲೆಂದು ಸ್ಕ್ರೂವನ್ನು ಕಾಲು ಸುತ್ತು ಬಿಚ್ಚಿ ಸರಿಹೋಯಿತು ಎಂದುಕೊಂಡಿದ್ದೆ. ಅಸಲು ರೋಗ ಅಲ್ಲೇ ಮುಖ ತೋರಿಸಿತ್ತು, ನಾನು ಗುರುತಿಸಲಿಲ್ಲ.

ಈ ಸಲ ಸ್ಕ್ರೂ ಮುಟ್ಟಲಿಲ್ಲ. ಮೊದಲು ಪ್ಲಗ್ ಬಿಚ್ಚಿದೆ. ಅದು ಹಸಿಯಾಗಿತ್ತು, ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು. ಅಂದರೆ ಟ್ಯಾಂಕ್, ಪೈಪು, ಫಿಲ್ಟರ್, ಕಾರ್ಬ್ಯುರೇಟರ್ ಇಷ್ಟನ್ನೂ ದಾಟಿ ಇಂಧನ ಒಳಗೆ ಬರುತ್ತಿದೆ. ಪ್ಲಗ್ ಒಣಗಿದ್ದರೆ ನನ್ನ ಹುಡುಕಾಟ ಆ ಕಡೆಗೆ ಹೋಗುತ್ತಿತ್ತು. ಇನ್ನು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಹುಟ್ಟಿಸುವ ಒತ್ತಡ. ಪ್ಲಗ್ ಮತ್ತೆ ಹಾಕಿ, ಹಗ್ಗದ ಹಿಡಿಯಿಂದಲೇ ಇಡೀ ಯಂತ್ರವನ್ನು ಮೆಲ್ಲಗೆ ಮೇಲೆತ್ತಿದೆ. ಅದು ಸರ್ರನೆ ಜಾರದೆ, ತಡೆದು ತಡೆದು ಇಳಿಯಿತು. ಕಂಪ್ರೆಷನ್ ಇದೆ ಎಂದಾಯಿತು. ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಾಕಿ ನೋಡಿದಾಗ ಪಿಸ್ಟನ್ ಮೈ ನುಣುಪಾಗಿತ್ತು, ಉದ್ದುದ್ದ ಗೀರುಗಳಿರಲಿಲ್ಲ. ಜೀವ ಸಮಾಧಾನವಾಯಿತು. ಈ ಯಂತ್ರಕ್ಕೆ ಪಿಸ್ಟನ್ ಹುಡುಕುವುದು ಸುಲಭದ ಮಾತಲ್ಲ.

ಉಳಿದದ್ದು ಕಿಡಿ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಭಾಗವನ್ನು ಎಂಜಿನ್ ಮೈಗೆ ತಾಗಿಸಿ ಹಗ್ಗ ಎಳೆದೆ. ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ, ಕಿಡಿ ಅದರಿಂದ ಆದಷ್ಟು ದೂರವಿರಬೇಕು. ಕಿತ್ತಳೆ ಬಣ್ಣದ ಸಣ್ಣ ಕಿಡಿ ಕಂಡಿತು, ಒಂದು ಸಲ ಬಂದರೆ ಎರಡು ಸಲ ಇಲ್ಲ. ಹೊರಗಿನ ಗಾಳಿಯಲ್ಲೇ ಇಷ್ಟು ಸಪ್ಪೆಯಾದ ಕಿಡಿ ಸಿಲಿಂಡರಿನ ಒತ್ತಡದಲ್ಲಿ ನಿಲ್ಲುವುದಿಲ್ಲ. ಹೊಸ ಪ್ಲಗ್ ಹಾಕಿದರೂ ಹಾಗೆಯೇ ಇತ್ತು.

ಇನ್ನು ಪಾಯಿಂಟ್ ನೋಡಬೇಕು. ಅದು ಇರುವುದು ಫ್ಲೈವೀಲಿನ (ಕ್ರ್ಯಾಂಕಿನ ತುದಿಯ ಭಾರದ ಚಕ್ರ) ಹಿಂದೆ. ಅದರ ನಟ್ ಬಿಚ್ಚುವಾಗ ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ದಂಡ, ತಿರುಗದಂತೆ ಪಿಸ್ಟನ್ನನ್ನು ತಡೆಯಬೇಕು. ಅದಕ್ಕೆ ಪ್ಲಗ್ ತೂತಿನಿಂದ ಗಂಟು ಹಾಕಿದ ಹಗ್ಗ ತುರುಕುತ್ತೇನೆ. ಪಿಸ್ಟನ್ ಮೇಲೇರಿ ಸೈಲೆನ್ಸರ್ ಬದಿಯ ಕಿಂಡಿಯನ್ನು ಮುಚ್ಚಿದ ಮೇಲೆಯೇ ಹಗ್ಗ ಒಳಗೆ ಹೋಗಬೇಕು, ಇಲ್ಲವಾದರೆ ಅದು ಕಿಂಡಿಯೊಳಗೆ ಸಿಕ್ಕಿ ತುಂಡಾಗುತ್ತದೆ. ನಟ್ ಬಿಚ್ಚಿ, ಚಕ್ರವನ್ನು ಎಳೆದು ತೆಗೆಯುವ ಪುಲ್ಲರ್ ಹಾಕಿ ಫ್ಲೈವೀಲ್ ತೆಗೆದೆ. ಸುತ್ತಿಗೆ ಹಚ್ಚಲಿಲ್ಲ.

ಪಾಯಿಂಟ್‌ಗಳ ಮೇಲೆ ಕಂದು ಬಣ್ಣದ ಜಿಡ್ಡು ತೆಳುವಾಗಿ ಕೂತಿತ್ತು. ನಯವಾದ ಅರದಿಂದ ಎರಡೇ ಎಳೆತ, ಆಮೇಲೆ ಸ್ಪಿರಿಟ್‌ನಲ್ಲಿ ಅದ್ದಿದ ಕಾಗದವನ್ನು ನಡುವೆ ಇಟ್ಟು ಎಳೆದೆ. ಕಾಗದದ ಮೇಲೆ ಕಪ್ಪು ಗೆರೆ ಬಿತ್ತು. ಗೆರೆ ಬೀಳುವುದು ನಿಲ್ಲುವವರೆಗೂ ಹೊಸ ಹೊಸ ತುಂಡಿನಿಂದ ಒರೆಸಿದೆ. ನನ್ನ ಯಂತ್ರಕ್ಕೆ ಪಾಯಿಂಟ್‌ನ ಅಂತರ 0.35 ಮಿ.ಮೀ. ಅಂಥ ಸಂದಿ ಅಳೆಯುವ ಫೀಲರ್ ಗೇಜ್ ಮನೆಯಲ್ಲಿರಲಿಲ್ಲ. ಎರಡು ಅಲಗಿನ ಶೇವಿಂಗ್ ಬ್ಲೇಡಿನ ದಪ್ಪ 0.1 ಮಿ.ಮೀ. ಹಾಗಾಗಿ ಪಾಯಿಂಟ್ ಪೂರ್ತಿ ತೆರೆದಾಗ ಮೂರು ಬ್ಲೇಡ್ ಸಲೀಸಾಗಿ ಹೋಗಬೇಕು, ನಾಲ್ಕನೆಯದನ್ನು ಸೇರಿಸಿದರೆ ಹೋಗಬಾರದು. ಆ ಲೆಕ್ಕದಲ್ಲಿ ಕೂರಿಸಿದೆ. ಫ್ಲೈವೀಲ್ ಹಾಕಿ ಎಳೆದರೆ ಕಿಡಿ ನೀಲಿಯಾಗಿ ಚಟ್ ಎಂದಿತು, ನಾಲ್ಕನೆಯ ಎಳೆತಕ್ಕೆ ಎಂಜಿನ್ ಹತ್ತಿತು. ದಾರಿಯ ಮರದಲ್ಲಿ ಅರ್ಧ ಕೊಯ್ದೆ.

ಎರಡು ದಿನ ಕಳೆದು ಎಳೆದರೆ ಮತ್ತೆ ಅದೇ ಕಥೆ.

ತೀರ್ಥಹಳ್ಳಿಯಲ್ಲಿ ಹಿರಿಯ ಬೈಕ್ ಮೆಕ್ಯಾನಿಕ್ ಒಬ್ಬರಿದ್ದಾರೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳ ಪಾಯಿಂಟ್ ಕೂರಿಸುತ್ತಲೇ ಅವರ ಅರ್ಧ ಆಯುಷ್ಯ ಕಳೆದಿದೆ. ಪಾಯಿಂಟ್ ಜೊತೆಗೆ ಕೆಲಸ ಮಾಡುವ ಕಂಡೆನ್ಸರ್ ಹೋಗಿರಬಹುದೆಂದು ಕೇಳಲು ಹೋದೆ. ಅವರು ಪಾಯಿಂಟ್‌ನ ಮೇಲೆ ಬೆರಳಾಡಿಸಿ, ಆ ಬೆರಳನ್ನು ಮೂಸಿ ನೋಡಿದರು. "ಪಾಯಿಂಟ್ ಒರೆಸಿದ್ದೀರಿ, ಸರಿ. ಎಣ್ಣೆ ಎಲ್ಲಿಂದ ಬಂತು ಅಂತ ನೋಡಿದಿರಾ?" ಎಂದರು. ನನಗೆ ಆ ಪ್ರಶ್ನೆಯೇ ಹೊಳೆದಿರಲಿಲ್ಲ.

ಪಾಯಿಂಟ್‌ನ ಹಿಂದೆಯೇ ಕ್ರ್ಯಾಂಕಿನ ಸುತ್ತಲಿನ ಸಂದಿ ಮುಚ್ಚುವ ಬಳೆಯಂಥ ಆಯಿಲ್ ಸೀಲ್ ಇದೆ. ಅದರ ರಬ್ಬರ್ ತುಟಿ ಒಣಗಿ ಗಡುಸಾಗಿತ್ತು, ಉಗುರಿನಿಂದ ಒತ್ತಿದರೆ ಬಿರುಕು ಬಿಡುತ್ತಿತ್ತು. ಟೂ ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕ್‌ಕೇಸಿನಲ್ಲಿ ಒಮ್ಮೆ ಒತ್ತಡ, ಒಮ್ಮೆ ಸೆಳೆತ. ಒತ್ತಡದಲ್ಲಿ ಎಣ್ಣೆ ಬೆರೆತ ಪೆಟ್ರೋಲ್ ಸೀಲಿನ ಸಂದಿಯಿಂದ ಪಾಯಿಂಟ್‌ನ ಮೇಲೆ ಸಿಡಿಯುತ್ತಿತ್ತು. ಸೆಳೆತದಲ್ಲಿ ಅದೇ ಸಂದಿಯಿಂದ ಗಾಳಿ ಒಳನುಗ್ಗುತ್ತಿತ್ತು. ಗಾಳಿ ಹೆಚ್ಚಾದರೆ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ವೇಗ ಇಳಿಯಲು ಸತಾಯಿಸುತ್ತದೆ. ಬೇಸಿಗೆಯ ಕಾಯಿಲೆ, ಮಳೆಗಾಲದ ಕಾಯಿಲೆ ಎರಡಕ್ಕೂ ಬೇರು ಒಂದೇ. ಹಾಗೇ ದುಡಿಸಿದ್ದರೆ ಪಿಸ್ಟನ್ ಸುಟ್ಟು ಹಿಡಿದುಕೊಳ್ಳುತ್ತಿತ್ತು.

ಸೀಲಿಗಾಗಿ ಆ ಯಂತ್ರದ ಬಿಡಿಭಾಗವನ್ನೇ ಹುಡುಕಬೇಕಿಲ್ಲ. ಹಳೆಯ ಸೀಲಿನ ಮೇಲೆ ಮೂರು ಅಂಕಿಗಳಿದ್ದವು: ಒಳವ್ಯಾಸ, ಹೊರವ್ಯಾಸ, ದಪ್ಪ. ಶಿವಮೊಗ್ಗದ ಬೇರಿಂಗ್ ಅಂಗಡಿಯಲ್ಲಿ ಅವನ್ನು ತೋರಿಸಿದೆ, ಪೆಟ್ರೋಲಿಗೆ ತಡೆಯುವ ರಬ್ಬರ್ ಬೇಕೆಂದು ಕೇಳಿ ತಂದೆ. ಹಳೆಯದನ್ನು ಕೀಳುವಾಗ ಕ್ರ್ಯಾಂಕಿನ ಮೈಗೆ ಗೀರು ಬೀಳದಂತೆ ಒಂದು ಗಂಟೆ ಕೂತೆ. ಹೊಸದರ ತುಟಿಗೆ ಎಣ್ಣೆ ಸವರಿ, ಅಳತೆಗೆ ಸರಿಯಾದ ಪೈಪಿನ ತುಂಡಿಟ್ಟು ನೇರವಾಗಿ ಒತ್ತಿದೆ. ಬಿಚ್ಚಿದ್ದಾಗಿದೆ ಎಂದು ಕ್ಲಚ್ ಬದಿಯ ಸೀಲನ್ನೂ ಬದಲಾಯಿಸಿದೆ. ಆ ಬದಿಯ ನಟ್ಟಿಗೆ ಎಡಮರೆ (ಬಲಕ್ಕೆ ತಿರುಗಿಸಿದರೆ ಬಿಚ್ಚುವುದು), ಅವಸರ ಮಾಡಿದರೆ ಬಿಚ್ಚುವ ಬದಲು ಬಿಗಿಯುತ್ತೇವೆ.

ಟ್ಯಾಂಕಿನ ಹಳೆಯ ಪೆಟ್ರೋಲನ್ನೂ ಚೆಲ್ಲಿದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇರುತ್ತದೆ. ಅದು ಮಲೆನಾಡಿನ ಮಳೆಗಾಲದ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರಿಗೂ ಒಳ್ಳೆಯದಲ್ಲ. ಈಗ ಲೀಟರಿಗೆ 40 ಮಿ.ಲೀ. ಟೂ ಸ್ಟ್ರೋಕ್ ಎಣ್ಣೆ ಹಾಕಿ ಬೇಕಾದಷ್ಟೇ ಕಲಸುತ್ತೇನೆ, ಕೆಲಸ ಮುಗಿದ ದಿನವೇ ಟ್ಯಾಂಕ್ ಬರಿದು ಮಾಡುತ್ತೇನೆ.

ಬೇಸಿಗೆಯಲ್ಲಿ ಬಿಚ್ಚಿದ್ದ ಸ್ಕ್ರೂವನ್ನು ಕಾಲು ಸುತ್ತು ಮತ್ತೆ ಬಿಗಿದು ಹಗ್ಗ ಎಳೆದೆ. ಮೂರನೆಯ ಎಳೆತಕ್ಕೆ ಕೆಮ್ಮಿತು. ಚೋಕ್ ತೆಗೆದು ಇನ್ನೊಂದು ಎಳೆದೆ, ಹತ್ತಿತು. ಆಕ್ಸಿಲರೇಟರ್ ಬಿಟ್ಟಾಗ ಸದ್ದು ಥಟ್ಟನೆ ಇಳಿದು ಹದವಾಗಿ ನಿಂತಿತು. ಉಳಿದರ್ಧ ಹಲಸನ್ನು ಮಧ್ಯಾಹ್ನದೊಳಗೆ ಕೊಯ್ದು ದಾರಿ ಬಿಡಿಸಿದೆ. ಬೊಡ್ಡೆಯನ್ನು ಹಲಗೆ ಸೀಳಿಸಲು ಎತ್ತಿಟ್ಟಿದ್ದೇನೆ.