ಕಂಪ್ಯೂಟರ್ ಕೊಳಲಿಗೆ ಉಸಿರು ಬೇಕಿಲ್ಲ

ನಾನು ಬ್ಯಾಂಕ್ ನೌಕರ. ಸಂಜೆಯಾದರೆ ಹಾಡುಗಳಿಗೆ ರಾಗ ಹಾಕುವ ಹುಚ್ಚು. ಬರೆದುಕೊಳ್ಳುವುದೆಲ್ಲ ಸರಿಗಮದಲ್ಲೇ, ಹಳೇ ನೋಟ್‌ಬುಕ್ಕಿನಲ್ಲೇ. 2021ರಲ್ಲಿ ಗೆಳೆಯರ ಗುಂಪಿನ ಕಾರ್ಯಕ್ರಮಕ್ಕೆ ಒಂದು ಹಾಡು ಮಾಡಿದೆ. ಅದಕ್ಕೆ ವೆಸ್ಟರ್ನ್ ಫ್ಲೂಟ್, ಎರಡು ವಯಲಿನ್, ಒಂದು ಚೆಲೋ (ವಯಲಿನ್ ಜಾತಿಯದೇ, ಇನ್ನೂ ದೊಡ್ಡದು, ತಗ್ಗಿನ ಸದ್ದಿನದು) ಸೇರಿಸೋಣ ಅನ್ನಿಸಿತು. ನುಡಿಸಲು ಒಪ್ಪಿದವರು ಚರ್ಚ್ ಕಾಯರ್ ಜೊತೆ ನುಡಿಸಿ ಪಳಗಿದವರು. ಅವರಿಗೆ ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಗಳ ಮೇಲೆ ಸ್ವರ ಬರೆಯುವ ವೆಸ್ಟರ್ನ್ ಪದ್ಧತಿ ಬೇಕು. ಹಾಗಾಗಿ ಅದನ್ನು ಬರೆಯುವ ಕಂಪ್ಯೂಟರ್ ಪ್ರೋಗ್ರಾಂ ಮ್ಯೂಸ್‌ಸ್ಕೋರ್ ಹಾಕಿಕೊಂಡೆ. ದುಡ್ಡು ಕೊಡಬೇಕಿಲ್ಲ ಅನ್ನುವುದೇ ಮುಖ್ಯ ಕಾರಣ. ಆಗ ಇದ್ದದ್ದು ಅದರ ಮೂರನೇ ಆವೃತ್ತಿ.

ನಾಲ್ಕು ಸಾಲು ಬರೆದು ಸ್ಪೇಸ್ ಬಾರ್ ಒತ್ತಿದೆ. ನಾನು ಬರೆದದ್ದನ್ನು ಯಾರೋ ನುಡಿಸಿದರು! ಆ ಖುಷಿಯಲ್ಲಿ ರಾತ್ರಿ ಒಂದು ಗಂಟೆವರೆಗೆ ಅದನ್ನೇ ಕೇಳುತ್ತಾ ಕೂತಿದ್ದೆ. ನುಡಿಸುತ್ತಿರುವುದು ಯಾರು, ಹೇಗೆ ಅನ್ನುವ ಪ್ರಶ್ನೆ ಮಾತ್ರ ತಲೆಗೆ ಬರಲಿಲ್ಲ.

ಬಂದದ್ದು ಆಮೇಲೆ, ಫೈಲನ್ನು ಪೆನ್ ಡ್ರೈವ್‌ಗೆ ಹಾಕಿ ಗೆಳೆಯನ ಮನೆಗೆ ಒಯ್ದ ದಿನ. ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿದ್ದ ವಯಲಿನ್ ಅಲ್ಲಿ ಆಟಿಕೆ ಕೀಬೋರ್ಡಿನಂತೆ ಕಿರಿಕಿರಿ ಮಾಡಿತು. ಫೈಲ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ನಾನು ಮನೆಯಲ್ಲಿ ಬೇರೊಂದು ಸೌಂಡ್‌ಫಾಂಟ್ (ವಾದ್ಯಗಳ ಸದ್ದು ತುಂಬಿದ ಫೈಲ್) ಇಳಿಸಿಕೊಂಡು ಸೇರಿಸಿದ್ದೆ. ಅದು ಅವನ ಹತ್ತಿರ ಇರಲಿಲ್ಲ, ಅಷ್ಟೇ. ನೊಟೇಶನ್ ಫೈಲಿನೊಳಗೆ ಸದ್ದು ಇರುವುದಿಲ್ಲ. ಅದರಲ್ಲಿರುವುದು ಬರೀ ಅಪ್ಪಣೆ: ಈ ಸ್ವರ, ಇಷ್ಟು ಹೊತ್ತು, ಇಷ್ಟು ಜೋರು, ವಯಲಿನ್‌ನಲ್ಲಿ. ಆ ಅಪ್ಪಣೆ ಕೇಳಿ ಸದ್ದು ಮಾಡುವುದು ಬೇರೆಯೇ ಒಂದು ಪೆಟ್ಟಿಗೆ. ಅಡುಗೆಯವರು ಬದಲಾದರೆ ಅದೇ ಚೀಟಿ ನೋಡಿ ಮಾಡಿದ ಸಾರಿನ ರುಚಿಯೂ ಬದಲಾಗುತ್ತೆ, ಅಲ್ವಾ? ಅಂದಿನಿಂದ ಯಾರಿಗಾದರೂ ಕೇಳಿಸಬೇಕಾದರೆ ಮನೆಯಲ್ಲೇ ಎಂಪಿ3 ಮಾಡಿ ಕಳಿಸುತ್ತೇನೆ.

ಆ ಪೆಟ್ಟಿಗೆಯೊಳಗೆ ಏನಿದೆ ಅಂತ ಹುಡುಕಲು ಹೊರಟಾಗ ಅರ್ಧ ವಿಷಯ ಅರ್ಥವಾಯಿತು. ಸೌಂಡ್‌ಫಾಂಟ್ ಅಂದರೆ ನಿಜವಾದ ವಾದ್ಯದ ಒಂದೊಂದು ಸ್ವರವನ್ನು ರೆಕಾರ್ಡ್ ಮಾಡಿದ ತುಣುಕುಗಳ ಕಟ್ಟು. ಈ ತುಣುಕುಗಳಿಗೆ ಸ್ಯಾಂಪಲ್ ಅನ್ನುತ್ತಾರೆ. ಎಲ್ಲ ಸ್ವರವನ್ನೂ ರೆಕಾರ್ಡ್ ಮಾಡಿರುವುದಿಲ್ಲ. ಒಂದನ್ನೇ ಸ್ವಲ್ಪ ಎಳೆದು ಅಕ್ಕಪಕ್ಕದ ಸ್ವರಕ್ಕೂ ಬಳಸುತ್ತಾರೆ. ಇದರ ಜೊತೆ ಹಳೆಯ ಒಂದು ಪಟ್ಟಿಯೂ ಸೇರಿಕೊಂಡಿದೆ. ಎಲೆಕ್ಟ್ರಾನಿಕ್ ವಾದ್ಯಗಳಿಗೆಲ್ಲ ಒಂದೇ ನಂಬರ್ ಇರಲಿ ಅಂತ ಮಾಡಿದ 1991ರ ಜನರಲ್ ಮಿಡಿ ಪಟ್ಟಿಯಲ್ಲಿ 128 ಸದ್ದುಗಳಿಗೆ ನಂಬರ್ ಕೊಟ್ಟಿದ್ದಾರೆ. 41 ಅಂದರೆ ವಯಲಿನ್, 43 ಚೆಲೋ, 74 ಫ್ಲೂಟ್. ನಾನು ಮೊದಲು ಹುಡುಕಿದ್ದು ನಮ್ಮ ವಾದ್ಯಗಳನ್ನೇ. 105ರಲ್ಲಿ ಸಿತಾರ್ ಇದೆ, 112ರಲ್ಲಿ ಶಹನಾಯಿ ಇದೆ. ವೀಣೆ ಇಲ್ಲ, ಮೃದಂಗವೂ ಇಲ್ಲ. ಮೃದಂಗದ ಜಾಗಕ್ಕೆ ಬೇರೆ ಡ್ರಮ್ ಹಾಕಿ ನೋಡಿದೆ. ಕೇಳಿದ ಹೆಂಡತಿ ಬಾಗಿಲು ಮುಚ್ಚಿಕೊಂಡಳು. ಕೊನೆಗೆ ತಾಳವಾದ್ಯದ ಸಾಲನ್ನೇ ತೆಗೆದೆ. ಮೃದಂಗದವರು ಪಕ್ಕದಲ್ಲಿ ಕೂತು ನುಡಿಸಿದರು.

ರಾಗದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನನ್ನ ಹಾಡು ಶಂಕರಾಭರಣದ ಮೇಲಿತ್ತು. ಅದರ ಸ್ವರಸ್ಥಾನಗಳು ಮೇಜರ್ ಸ್ಕೇಲಿನವೇ, ಹಾಗಾಗಿ ಬಚಾವಾದೆ. ಸುಮ್ನೆ ಕುತೂಹಲಕ್ಕೆ ಒಮ್ಮೆ ತೋಡಿಯ ನಾಲ್ಕು ಸಾಲು ಹಾಕಿದೆ. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವೇ ಅಲ್ಲ, ತೂಗುತ್ತಲೇ ಇರಬೇಕು. ಪ್ಲೇಬ್ಯಾಕ್, ಅಂದರೆ ಬರೆದದ್ದನ್ನು ಕಂಪ್ಯೂಟರ್ ನುಡಿಸುವುದು, ಅದನ್ನು ಗೂಟ ಹೊಡೆದು ನಿಲ್ಲಿಸಿತು. ಅದು ತೋಡಿ ಅಂತ ನನಗೇ ಗುರುತು ಸಿಗಲಿಲ್ಲ. ಸ್ವರವನ್ನು ಜಾರಿಸಲು, ಬಗ್ಗಿಸಲು ದಾರಿಗಳಿವೆ. ಆದರೆ ಇಂಥ ಒಂದು ತೂಗಾಟಕ್ಕೆ, ಅಂದರೆ ಗಮಕಕ್ಕೆ, ಅರ್ಧ ಗಂಟೆ ಮೌಸ್ ಹಿಡಿದು ಕೂರುವ ತಾಳ್ಮೆ ನನಗಿಲ್ಲ.

ಜೋರು, ಮೆಲ್ಲಗೆ ಅನ್ನುವುದನ್ನು ಅರ್ಥ ಮಾಡಿಕೊಳ್ಳಲು ಜಾಸ್ತಿ ದಿನ ಬೇಕಾಯಿತು. ನಾವು ಬರೆಯುವ ಗುರುತುಗಳು ಒಳಗೆ ಅಂಕಿಗಳಾಗುತ್ತವೆ. 0ಯಿಂದ 127ರವರೆಗೆ ಇರುವ ಈ ಅಂಕಿಗೆ ವೆಲಾಸಿಟಿ ಅಂತ ಹೆಸರು. ನನ್ನ ಆವೃತ್ತಿಯಲ್ಲಿ ಮೆಲ್ಲಗೆ ಅನ್ನುವ ಪಿ ಗುರುತಿಗೆ 49, ಜೋರು ಅನ್ನುವ ಎಫ್ ಗುರುತಿಗೆ 96. ಈ ಅಂಕಿ ಹೊರಟಿದ್ದು ಪಿಯಾನೋ ಥರದ ಕೀಲಿಯಿಂದ. ಕೀಲಿ ಎಷ್ಟು ವೇಗವಾಗಿ ಒತ್ತಿದಿರಿ ಅನ್ನುವುದೇ ಅದು. ಒತ್ತಿದ ಮೇಲೆ ಆ ಅಂಕಿ ಬದಲಾಗುವುದಿಲ್ಲ. ಪಿಯಾನೋಗೆ ಅಷ್ಟು ಸಾಕು. ಚೆಲೋದವರು ಮಾತ್ರ ಒಂದೇ ಸ್ವರವನ್ನು ಮೆಲ್ಲಗೆ ಶುರು ಮಾಡಿ ಉಬ್ಬಿಸುತ್ತಾರಲ್ಲ? ಅದಕ್ಕೆ ಸ್ವರ ನಡೆಯುತ್ತಿರುವಾಗಲೇ ಇನ್ನೊಂದು ಅಪ್ಪಣೆ ಹೋಗುತ್ತಿರಬೇಕು. ಅದನ್ನು ಕೇಳಿಸಿಕೊಳ್ಳುವಂತೆ ಸೌಂಡ್‌ಫಾಂಟನ್ನೂ ತಯಾರು ಮಾಡಿರಬೇಕು. ನಾನು ಇಳಿಸಿಕೊಂಡಿದ್ದನ್ನು ಹಾಗೆ ಮಾಡಿರಲಿಲ್ಲ. ನಾಲ್ಕು ಎಣಿಕೆಯ ಸ್ವರದ ಕೆಳಗೆ ಉಬ್ಬಿಸುವ ಗುರುತು ಎಳೆದೆ, ಅಳಿಸಿದೆ, ಮತ್ತೆ ಎಳೆದೆ. ಏನೂ ಆಗಲಿಲ್ಲ. ತಪ್ಪು ನನ್ನದೇ ಅಂದುಕೊಂಡು ವಾರ ಕಳೆದೆ.

ಪ್ರಾಕ್ಟೀಸ್ ದಿನ ಬಂತು. ನಿಜವಾದ ಪಾಠ ಆಗಿದ್ದು ಅಂದೇ.

ಹಾಡಿನ ನಡುವೆ ಫ್ಲೂಟ್‌ಗೆ ಒಂದು ತಗ್ಗಿನ ಸಾಲು ಬರೆದಿದ್ದೆ, ಆ ವಾದ್ಯದ ಅತಿ ಕೆಳಗಿನ ಸಿ ಸ್ವರದ ಸುತ್ತಮುತ್ತ. ಪ್ಲೇಬ್ಯಾಕ್‌ನಲ್ಲಿ ಅದು ವಯಲಿನ್‌ಗಳ ಮೇಲೆ ಜೇನು ಸುರಿದ ಹಾಗಿತ್ತು. ಹಾಗಿದ್ದದ್ದು ಯಾಕೆ? ಮಿಕ್ಸರ್‌ನಲ್ಲಿ (ಪ್ರತಿ ವಾದ್ಯದ ಸದ್ದನ್ನು ಹೆಚ್ಚುಕಡಿಮೆ ಮಾಡುವ ಜಾಗ) ಫ್ಲೂಟ್‌ನ ಪಟ್ಟಿಯನ್ನು ನಾನೇ ಮೇಲಕ್ಕೆ ಎಳೆದಿಟ್ಟಿದ್ದೆ! ನಿಜವಾದ ಫ್ಲೂಟ್ ಅಷ್ಟು ಕೆಳಗೆ ತುಂಬ ಮೆತ್ತಗೆ. ಎರಡು ವಯಲಿನ್ ಶುರುವಾದ ಕೂಡಲೇ ಫ್ಲೂಟ್ ನುಡಿಸುವ ಹುಡುಗಿಯ ಬೆರಳು ಓಡುತ್ತಿರುವುದು ಕಾಣಿಸಿತೇ ಹೊರತು ಸದ್ದು ಕೇಳಿಸಲಿಲ್ಲ. ವಾದ್ಯದ ಅಳತೆ ಮೀರಿದ ಸ್ವರ ಬರೆದರೆ ಮ್ಯೂಸ್‌ಸ್ಕೋರ್ ಕೆಂಪು ಬಣ್ಣ ತೋರಿಸುತ್ತದೆ. ಇದು ಅಳತೆಯ ಒಳಗೇ ಇತ್ತು, ಎಲ್ಲ ಕಪ್ಪಗೇ ಇತ್ತು. ಸ್ವರ ಬರುತ್ತದೆಯೇ ಅಂತ ಬಣ್ಣ ಹೇಳುತ್ತದೆ, ಕೇಳಿಸುತ್ತದೆಯೇ ಅಂತ ಹೇಳುವುದಿಲ್ಲ.

ಮುಂದಿನ ಪುಟಕ್ಕೆ ಬಂದಾಗ ಅವಳು ಕೇಳಿದಳು, "ಅಂಕಲ್, ಇಲ್ಲಿ ನಾನು ಉಸಿರು ಎಲ್ಲಿ ತಗೊಳ್ಳಲಿ?"

ನೋಡಿದೆ. ಎಂಟು ಬಾರ್, ಅಂದರೆ ತಾಳದ ಎಂಟು ಸುತ್ತು, ಮಧ್ಯೆ ಒಂದೂ ಬಿಡುವಿಲ್ಲ. ನಿಮಿಷಕ್ಕೆ 60 ಬೀಟ್, ಬಾರ್‌ಗೆ ನಾಲ್ಕು. ಅಂದರೆ 32 ಸೆಕೆಂಡು. ಕಂಪ್ಯೂಟರ್ ಅದನ್ನು ನೂರು ಸಲ ನುಡಿಸಿತ್ತು, ಒಮ್ಮೆಯೂ ಏದುಸಿರು ಬಿಟ್ಟಿರಲಿಲ್ಲ.

ಎರಡನೇ ವಯಲಿನ್ ನುಡಿಸುವವರು ಹಿರಿಯರು. ಅವರು ಪೆನ್ಸಿಲ್ ತೆಗೆದು ಒಂದು ಕಡೆ ಸುತ್ತು ಹಾಕಿದರು. "ಇದನ್ನ ಇಬ್ಬರು ನುಡಿಸಬೇಕಲ್ಲಪ್ಪ" ಅಂದರು. ಅಲ್ಲಿ ತಗ್ಗಿನ ಜಿ, ಅದರ ಮೇಲಿನ ಬಿ ಎರಡನ್ನೂ ಒಟ್ಟಿಗೆ ಬರೆದಿದ್ದೆ. ವೆಸ್ಟರ್ನ್ ಶ್ರುತಿಯಲ್ಲಿ ವಯಲಿನ್‌ನ ಕೆಳಗಿನ ತಂತಿ ಜಿ, ಅದರ ನಂತರದ್ದು ಡಿ. ಹಾಗಾಗಿ ಈ ಎರಡೂ ಸ್ವರ ಸಿಗುವುದು ಜಿ ತಂತಿಯೊಂದರಲ್ಲೇ. ಒಂದು ತಂತಿಯಲ್ಲಿ ಒಂದೇ ಹೊತ್ತಿಗೆ ಎರಡು ಸ್ವರ ಹೇಗೆ ಬರಬೇಕು? ಸ್ಯಾಂಪಲ್‌ಗೆ ತಂತಿಯ ಗೊಡವೆ ಇಲ್ಲ. ಎರಡು ಸ್ವರ ಕೇಳಿದರೆ ಎರಡು ತುಣುಕು ಒಟ್ಟಿಗೆ ಹಾಕುತ್ತದೆ. ಆರು ಕೇಳಿದರೆ ಆರು.

ಮನೆಗೆ ಬಂದು ಮಿಕ್ಸರ್‌ನ ಪಟ್ಟಿಗಳನ್ನೆಲ್ಲ ಸಮಕ್ಕೆ ತಂದೆ. ಫ್ಲೂಟ್ ಸಾಲನ್ನು ಒಂದು ಆಕ್ಟೇವ್ (ಒಂದು ಸ್ಥಾಯಿ) ಮೇಲೆ ಏರಿಸಿದೆ, ವಯಲಿನ್‌ಗಳನ್ನು ತೆಳ್ಳಗೆ ಮಾಡಿದೆ. ಪ್ಲೇಬ್ಯಾಕ್‌ನಲ್ಲಿ ಮೊದಲಿಗಿಂತ ಸಪ್ಪೆಯಾಗಿ ಕೇಳಿಸಿತು. ಮುಂದಿನ ಪ್ರಾಕ್ಟೀಸಿನಲ್ಲಿ ಅದೇ ಸಾಲು ಕೋಣೆ ತುಂಬಿತು.

2022ರ ಡಿಸೆಂಬರ್‌ನಲ್ಲಿ ನಾಲ್ಕನೇ ಆವೃತ್ತಿ ಬಂತು, ಜೊತೆಗೆ ಮ್ಯೂಸ್ ಸೌಂಡ್ಸ್. ಇದೂ ಉಚಿತವೇ. ಮ್ಯೂಸ್ ಹಬ್ ಅನ್ನುವ ಇನ್ನೊಂದು ಪ್ರೋಗ್ರಾಂ ಮೂಲಕ ಇಳಿಸಿಕೊಳ್ಳಬೇಕು, ಗಿಗಾಬೈಟ್‌ಗಟ್ಟಲೆ ಇದೆ. ನಾನು ರಾತ್ರಿ ಹಾಕಿ ಮಲಗಿದೆ. ಇದು ಮುಂದಿನ ಸ್ವರ ಏನು ಅಂತ ಮೊದಲೇ ನೋಡಿಕೊಂಡು ನುಡಿಸುತ್ತದೆ, ಅದಕ್ಕೇ ಸ್ವರಗಳು ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ನನ್ನ ಚೆಲೋ ಕೊನೆಗೂ ಉಬ್ಬಿತು! ಬೇರೆ ಕಂಪನಿಗಳ ವಾದ್ಯಗಳನ್ನು ತಂದು ಸೇರಿಸಲು ವಿಎಸ್‌ಟಿ3 ಅನ್ನುವ ದಾರಿಯೂ ಇದರಲ್ಲಿದೆ. ಹೊಸಬರು ಅದರ ತಂಟೆಗೆ ಈಗಲೇ ಹೋಗಬೇಡಿ. ಎಫ್10 ಒತ್ತಿದರೆ ಮಿಕ್ಸರ್ ತೆರೆಯುತ್ತದೆ. ಪ್ರತಿ ವಾದ್ಯಕ್ಕೆ ಯಾವ ಸದ್ದು ಕೂತಿದೆ ಅಂತ ಅಲ್ಲೇ ಕಾಣುತ್ತದೆ, ಅಲ್ಲೇ ಬದಲಿಸಬಹುದು. ಸದ್ದು ಸರಿಯಿಲ್ಲ ಅನ್ನಿಸಿದರೆ ನಾನು ಮೊದಲು ನೋಡುವುದು ಅದನ್ನೇ.

ಹೊಸ ಆವೃತ್ತಿಯಲ್ಲಿ ಇನ್ನೊಂದು ಕಡೆ ಎಡವಿದೆ. ವಯಲಿನ್ ತಂತಿಯನ್ನು ಬೆರಳಿನಿಂದ ಮೀಟಲು ಹೇಳುವ 'ಪಿಟ್ಸ್' ಗುರುತನ್ನು ಸಾದಾ ಅಕ್ಷರವಾಗಿ ಟೈಪ್ ಮಾಡಿದ್ದೆ. ಪ್ರಿಂಟ್‌ನಲ್ಲಿ ಸರಿಯಾಗೇ ಕಂಡಿತು, ಪ್ಲೇಬ್ಯಾಕ್ ಮಾತ್ರ ಕಮಾನು ಎಳೆಯುತ್ತಲೇ ಇತ್ತು. ಅದನ್ನು ಪ್ಯಾಲೆಟ್‌ನಿಂದ (ಸಿದ್ಧ ಗುರುತುಗಳ ಪಟ್ಟಿ) ಎತ್ತಿ ಹಾಕಿದರೆ ಮಾತ್ರ ಪ್ರೋಗ್ರಾಂಗೆ ತಿಳಿಯುತ್ತದೆ. ಹಾಕಿದೆ, ಮೀಟಿತು. ಮೀಟುವುದು ನಿಲ್ಲಿಸು ಅಂತ ಹೇಳಲು ಮರೆತೆ. ಹಾಡಿನ ಕೊನೆವರೆಗೂ ಟಿಂಗ್ ಟಿಂಗ್ ಅನ್ನುತ್ತಲೇ ಇತ್ತು. ವೇಗದ ಗುರುತಿನದೂ ಇದೇ ಕಥೆ, ಟೆಂಪೊ ಟೆಕ್ಸ್ಟ್ ಆಗಿ ಹಾಕದಿದ್ದರೆ ವೇಗ ಬದಲಾಗದು.

ಈಗ ಬರೆಯುವ ಹೊತ್ತಿನಲ್ಲಿ ಹಳೆಯ ಸಾದಾ ಸೌಂಡ್‌ಫಾಂಟ್‌ನಲ್ಲೇ ಕೇಳುತ್ತೇನೆ. ಅದು ಚೆಂದ ಇಲ್ಲ, ಅದಕ್ಕೇ ನನ್ನನ್ನು ಮರುಳು ಮಾಡುವುದಿಲ್ಲ. ತಪ್ಪು ಸ್ವರ ಬಿದ್ದರೆ ಥಟ್ಟನೆ ಗೊತ್ತಾಗುತ್ತದೆ. ಎಲ್ಲ ಮುಗಿದ ಮೇಲೆ ಮ್ಯೂಸ್ ಸೌಂಡ್ಸ್‌ಗೆ ಬದಲಿಸಿ, ಗುಂಪಿನವರಿಗೆ ಕಳಿಸಲು ಎಂಪಿ3 ತೆಗೆಯುತ್ತೇನೆ. ಫ್ಲೂಟ್ ಸಾಲನ್ನು ಮಾತ್ರ ಕಂಪ್ಯೂಟರಿಗೆ ಕೊಡುವ ಮೊದಲು ಬಾಯಿಯಲ್ಲಿ ಹಾಡುತ್ತೇನೆ. ನನಗೆ ಉಸಿರು ಸಿಕ್ಕಿಕೊಂಡ ಕಡೆ ಒಂದು ಬಿಡುವು ಬರೆಯುತ್ತೇನೆ.