ಮನೆ ಬೆಕ್ಕು ಗುಬ್ಬಿ, ಅಳಿಲು ಹಿಡಿದು ತರ್ತಿದ್ರೆ ಏನು ಮಾಡಬೇಕು?

ನಮ್ಮ ಬಾಗಲಕೋಟೆ ಕಡೆ ಹಳ್ಳಿಗಳಲ್ಲಿ ಬೆಕ್ಕು ಸಾಕುವುದೇ ಇಲಿ ಕಾಟಕ್ಕೆ. ಜೋಳದ ಚೀಲ ಇರುವ ಮನೆಗೆ ಬೆಕ್ಕು ಬೇಕೇ ಬೇಕು. ಆದರೆ ಅದು ಇಲಿಗಷ್ಟೇ ನಿಲ್ಲುವುದಿಲ್ಲ ಅಲ್ವಾ? ಜಂತಿಯ ಸಂದಿಯಲ್ಲಿ ಗೂಡು ಕಟ್ಟಿದ ಗುಬ್ಬಿ, ಬೇವಿನ ಮರದ ಅಳಿಲು, ಬೇಲಿಯ ಓತಿಕ್ಯಾತ, ಹೊಲದ ಬದುವಿನ ಬೆಳವ, ಎಲ್ಲಕ್ಕೂ ಬಾಯಿ ಹಾಕುತ್ತದೆ. ಮನೆಗೆ ತಂದು ಹಾಕುವುದು ಕೊಂದದ್ದರಲ್ಲಿ ಒಂದು ಪಾಲು ಮಾತ್ರ. ಹೊಡೆದು, ಬೈದು ಇದನ್ನು ಬಿಡಿಸಲು ಆಗಲ್ಲ. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ. ಹೊಡೆದರೆ ನಿಮ್ಮನ್ನು ಕಂಡು ಹೆದರುತ್ತದೆ, ಅಷ್ಟೇ.

ಮೊದಲು ಅದರ ತಟ್ಟೆ ನೋಡಿ. ಬಹಳ ಮನೆಗಳಲ್ಲಿ ಬೆಕ್ಕಿಗೆ ರೊಟ್ಟಿ-ಹಾಲೇ ಊಟ. ಬೆಕ್ಕು ಪೂರಾ ಮಾಂಸ ತಿನ್ನುವ ಪ್ರಾಣಿ. ಅದಕ್ಕೆ ಬೇಕೇ ಬೇಕಾದ ಟಾರಿನ್ ಎಂಬ ಪೋಷಕಾಂಶ ರೊಟ್ಟಿಯಲ್ಲಿ ಇಲ್ಲ, ಬೆಳೆದ ಬೆಕ್ಕುಗಳಿಗೆ ಹಾಲು ಸರಿಯಾಗಿ ಜೀರ್ಣವೂ ಆಗುವುದಿಲ್ಲ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 219 ಮನೆಗಳ 355 ಬೆಕ್ಕುಗಳನ್ನು ಗಮನಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಂಸದ ಪ್ರೊಟೀನ್ ಜಾಸ್ತಿ ಇರುವ, ಧಾನ್ಯ ಇಲ್ಲದ ಆಹಾರ ಕೊಟ್ಟಾಗ ಮನೆಗೆ ತರುವ ಬೇಟೆ ಶೇ. 36ರಷ್ಟು ಇಳಿಯಿತು. ಹಾಗಾಗಿ ಬೇಯಿಸಿದ ಕೋಳಿ, ಮೊಟ್ಟೆ ಕೊಡಿ. ಉಪ್ಪು, ಖಾರ ಬೇಡ. ಉಳ್ಳಾಗಡ್ಡಿಯಂತೂ (ಈರುಳ್ಳಿ) ಬೇಡವೇ ಬೇಡ, ಅದು ಬೆಕ್ಕಿಗೆ ವಿಷ. ಮನೆಯೊಳಗೆ ಮಾಂಸ ಒಲ್ಲೆವು ಅನ್ನುವವರು ಕ್ಯಾಟ್ ಫುಡ್ ತಂದು ಹೊರಗೆ ಕಟ್ಟೆಯ ಮೇಲೆ ಹಾಕಬಹುದು. ಪ್ಯಾಕೆಟ್ಟಿನ ಹಿಂದೆ ಮೊದಲ ಹೆಸರು ಕೋಳಿಯೋ ಮೀನೋ ಇರಬೇಕು, ಮೆಕ್ಕೆಜೋಳ ಅಲ್ಲ.

ಇನ್ನೊಂದು, ಆಟ. ಜೋಳದ ದಂಟಿನ ತುದಿಗೆ ದಾರ, ದಾರಕ್ಕೆ ಬಟ್ಟೆ ಚೂರು ಕಟ್ಟಿ ದಿನಾ 5-10 ನಿಮಿಷ ಓಡಿಸಿ. ಕೊನೆಗೆ ಅದರ ಕೈಗೆ ಸಿಗಲು ಬಿಡಿ, ಆಮೇಲೆ ಊಟ ಹಾಕಿ. ಅದೇ ಅಧ್ಯಯನದಲ್ಲಿ ಇಷ್ಟರಿಂದಲೇ ಶೇ. 25ರಷ್ಟು ಬೇಟೆ ಕಡಿಮೆಯಾಯಿತು.

ಕೊರಳಿಗೆ ಗಂಟೆ ಕಟ್ಟಿದರೆ ಸಾಕು ಅನ್ನುವವರು ಬಹಳ. ಆ ಅಧ್ಯಯನದಲ್ಲಿ ಗಂಟೆಯಿಂದ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಕೆಲಸ ಮಾಡಿದ್ದು ಬಣ್ಣ. ಕೊರಳಪಟ್ಟಿಗೆ ಗಾಢ ಬಣ್ಣದ ಬಟ್ಟೆಯ ಸುತ್ತು ಹಾಕಿದಾಗ ಹಕ್ಕಿ ಹಿಡಿಯುವುದು ಶೇ. 42ರಷ್ಟು ಇಳಿಯಿತು. ಹಕ್ಕಿಗಳಿಗೆ ಬಣ್ಣ ಚೆನ್ನಾಗಿ ಕಾಣುತ್ತದೆ, ದೂರದಿಂದಲೇ ಹಾರಿಹೋಗುತ್ತವೆ. ಇಲಿ ಹಿಡಿಯುವುದಕ್ಕೆ ಇದರಿಂದ ತೊಂದರೆ ಇಲ್ಲ, ನಮ್ಮ ರೈತರ ಮನೆಗೆ ಇದಕ್ಕಿಂತ ಒಳ್ಳೆಯದು ಏನಿದೆ? ಮನೆಯಲ್ಲಿ ಗುಳೇದಗುಡ್ಡ ಖಣದ ಕೆಂಪು, ಹಳದಿ ತುಂಡು ಉಳಿದಿದ್ದರೆ ಅದನ್ನೇ ಅಗಲ ಝಾಲರಿಯಂತೆ ಹೊಲಿಯಿರಿ. ಪಟ್ಟಿ ಮಾತ್ರ ಜಗ್ಗಿದರೆ ತಾನೇ ಬಿಚ್ಚಿಕೊಳ್ಳುವಂಥದ್ದೇ ಇರಲಿ, ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲ ಇರಲಿ. ದಾರ ಬಿಗಿದು ಕಟ್ಟಿದರೆ ಜಾಲಿ ಕಂಟಿಯಲ್ಲಿ ಸಿಕ್ಕಿ ಬೆಕ್ಕಿನ ಜೀವವೇ ಹೋಗಬಹುದು.

ಹಕ್ಕಿಗಳು ಹೆಚ್ಚು ಓಡಾಡುವ ನಸುಕಿನಲ್ಲಿ, ಸಂಜೆ ಹೊತ್ತಿನಲ್ಲಿ ಬೆಕ್ಕು ಒಳಗಿರಲಿ. ದಿನಾ ಹೊತ್ತು ಮುಳುಗುವ ಮೊದಲು, ಅದೇ ವೇಳೆಗೆ ಊಟ ಇಟ್ಟರೆ ಕರೆಯದೇ ಬರುತ್ತದೆ, ಬಂದಮೇಲೆ ಬಾಗಿಲು ಹಾಕಿ. ಅದರ ಮಲಮೂತ್ರಕ್ಕೆ ಮೂಲೆಗೆ ಒಂದು ಬುಟ್ಟಿಯಲ್ಲಿ ಮರಳು ಇಡಿ. ಹಕ್ಕಿಮರಿಗಳು ಗೂಡಿನಿಂದ ಕೆಳಗೆ ಬಿದ್ದು ಹಾರಲು ಕಲಿಯುತ್ತಿದ್ದರೆ ನಾಲ್ಕು ದಿನ ಹಗಲೂ ಬೆಕ್ಕನ್ನು ಹೊರಗೆ ಬಿಡಬೇಡಿ.

ಬೇಸಿಗೆಯಲ್ಲಿ ಹಕ್ಕಿಗೆ ನೀರಿಡುವವರು ಬಟ್ಟಲನ್ನು ಗಿಡದ ಮರೆಗೆ ಇಡಬೇಡಿ. ಬೆಕ್ಕು ಅಡಗಿ ಕೂರುವುದೇ ಅಲ್ಲಿ. ಎತ್ತರಕ್ಕೆ ತೂಗುಹಾಕಿ. ಗೂಡಿರುವ ಮರದ ಬೊಡ್ಡೆಗೆ ಎರಡಡಿ ಅಗಲದ ತಗಡು ಸುತ್ತಿದರೆ ಉಗುರು ಜಾರುತ್ತದೆ.

ಬೆಕ್ಕಿಗೆ ಆರು ತಿಂಗಳು ತುಂಬುವುದರೊಳಗೆ ಪಶು ಆಸ್ಪತ್ರೆಯಲ್ಲಿ ಕೇಳಿ ಸಂತಾನಹರಣ ಮಾಡಿಸಿ. ಚೀಲದಲ್ಲಿ ಹಾಕಿ ಬೇರೆ ಊರಿಗೆ ಬಿಟ್ಟು ಬರುವುದು ದಯವಿಟ್ಟು ಬೇಡ. ಆ ಬೆಕ್ಕು ಉಪವಾಸ ಬೀಳುತ್ತದೆ, ಅಲ್ಲಿಯ ಹಕ್ಕಿಗಳಿಗೂ ಕಂಟಕ.

ಬೆಕ್ಕಿನ ಬಾಯಿಂದ ಹಕ್ಕಿ ಜೀವಂತ ಸಿಕ್ಕರೆ, ಗಾಯ ಕಾಣದಿದ್ದರೂ ಸುಮ್ನೆ ಹಾರಿಬಿಡಬೇಡಿ. ಬೆಕ್ಕಿನ ಜೊಲ್ಲಿನ ಬ್ಯಾಕ್ಟೀರಿಯಾ ಸಣ್ಣ ಹಲ್ಲಿನ ತೂತಿನಿಂದ ಒಳಹೋದರೂ ಒಂದೆರಡು ದಿನದಲ್ಲಿ ಸಾಯಿಸಬಲ್ಲದು. ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ, ಕತ್ತಲಲ್ಲಿಟ್ಟು, ಬಾಯಿಗೆ ನೀರು ಹನಿಸದೆ ಅವತ್ತೇ ಪಶು ವೈದ್ಯರ ಬಳಿ ಒಯ್ಯಿರಿ, ಇಲ್ಲವೇ ಅರಣ್ಯ ಇಲಾಖೆಗೆ ತಿಳಿಸಿ.