ಸಿಂಗಳೀಕಗಳ ಹಿಂದೆ, ಕೈಯಲ್ಲೊಂದು ದಾಖಲೆ ಪುಸ್ತಕ: ನನ್ನ ಅನುಭವ

ಶಿರಸಿ–ಹೊನ್ನಾವರ ನಡುವಿನ ಘಟ್ಟದ ಕಾಡಿನಲ್ಲಿ ಸಿಂಗಳೀಕಗಳ ಗುಂಪೊಂದನ್ನು ಹಿಂಬಾಲಿಸುವ ಕೆಲಸಕ್ಕೆ ಸೇರುವಾಗ ನಾನು ಸಾಕಷ್ಟು ಓದಿಕೊಂಡೇ ಬಂದಿದ್ದೆ. ಈ ಪ್ರಾಣಿ ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲಿಯೂ ಇಲ್ಲ, ಅದರ ನೆಲೆಯ ಉತ್ತರದ ಅಂಚು ಇದೇ ಸೀಮೆ, ಇಲ್ಲಿನ ಸುಮಾರು 300 ಚದರ ಕಿ.ಮೀ. ಕಾಡನ್ನು 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿತ್ತು ಎಂಬುದೆಲ್ಲ ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ. ದಿನವಿಡೀ ಮರದ ನೆತ್ತಿಯಲ್ಲಿರುವ ಕರಿಯ ಪ್ರಾಣಿಯೊಂದು ಈ ಕ್ಷಣ ಏನು ಮಾಡುತ್ತಿದೆ ಎಂದು ತಪ್ಪಿಲ್ಲದೆ ಬರೆಯುವುದು ಎಷ್ಟು ಕಷ್ಟ ಎಂಬುದು.

ಮೊದಲ ತಿಂಗಳುಗಳು ಅವು ನಮ್ಮನ್ನು ಸಹಿಸಿಕೊಳ್ಳುವಂತಾಗಲು ಕಾಯುವುದರಲ್ಲಿಯೇ ಕಳೆದವು. ತಿನ್ನಲು ಏನನ್ನೂ ಕೊಡಬಾರದು, ಬೆನ್ನಟ್ಟಬಾರದು, ಕಣ್ಣಿಗೆ ಕಣ್ಣಿಟ್ಟು ನೋಡಬಾರದು. ಸಂಜೆ ಅವು ಮಲಗಿದ ಮರವನ್ನು ಗುರುತಿಟ್ಟುಕೊಂಡು, ಮರುದಿನ ಬೆಳಕು ಹರಿಯುವ ಮೊದಲೇ ಅದರ ಬುಡಕ್ಕೆ ಹೋಗಿ ನಿಲ್ಲಬೇಕು. ಗುಂಪು ತಪ್ಪಿಹೋದ ದಿನಗಳೇ ಹೆಚ್ಚು. ಚಿಕ್ಕಂದಿನಿಂದ ಇದೇ ಕಾಡಿನಲ್ಲಿ ಓಡಾಡಿದ ಹಿರಿಯರೊಬ್ಬರು ನನ್ನ ಜೊತೆಗಿದ್ದರು. ಕತ್ತು ನೋಯುವಷ್ಟು ಹೊತ್ತು ನಾನು ಮೇಲೆಯೇ ನೋಡುತ್ತಿದ್ದಾಗ ಅವರು ಒಂದು ದಿನ, "ತಮಾ, ಮ್ಯಾಲೆ ನೋಡಬ್ಯಾಡ, ನೆಲ ನೋಡು" ಎಂದರು. ತರಗೆಲೆಯ ಮೇಲೆ ಅರ್ಧ ಕಚ್ಚಿದ ಹಣ್ಣು ಬಿದ್ದಿತ್ತು. ಹಲ್ಲಿನ ಗುರುತು ಇನ್ನೂ ಹಸಿಯಾಗಿತ್ತು. ಕಚ್ಚಿದ ಜಾಗ ಕಂದಿದ್ದರೆ ಗುಂಪು ದಾಟಿಹೋಗಿ ಬಹಳ ಹೊತ್ತಾಗಿದೆ, ಹಸಿಯಾಗಿದ್ದರೆ ಅಲ್ಲೇ ನಿಂತು ಕಿವಿಗೊಡಬೇಕು ಎಂಬುದನ್ನು ನಾನು ಕಲಿತದ್ದು ಅವರಿಂದ, ಯಾವ ತರಬೇತಿಯಿಂದಲೂ ಅಲ್ಲ.

ಗುಂಪು ಓಡುವುದನ್ನು ಬಿಟ್ಟ ಮೇಲೆ ನಿಜವಾದ ಕೆಲಸ ಶುರುವಾಯಿತು. 15 ನಿಮಿಷಕ್ಕೊಮ್ಮೆ, ಆಗ ಕಣ್ಣಿಗೆ ಬೀಳುವ ಪ್ರತಿಯೊಂದು ಪ್ರಾಣಿಯೂ ಯಾವ ಮರದಲ್ಲಿ, ಎಷ್ಟು ಎತ್ತರದಲ್ಲಿ, ಏನು ಮಾಡುತ್ತಿದೆ ಎಂದು ಬರೆಯಬೇಕು. ಮನಸ್ಸಿಗೆ ಬಂದಂತೆ ನೋಡುತ್ತ ಹೋದರೆ ಕಣ್ಣು ಜಗಳ, ಕೂಗಾಟಗಳ ಕಡೆಗೇ ಹರಿಯುತ್ತದೆ, ಸುಮ್ಮನೆ ಕುಳಿತಿರುವ ಪ್ರಾಣಿ ಲೆಕ್ಕಕ್ಕೇ ಬರುವುದಿಲ್ಲ ಎಂಬ ದೋಷವನ್ನು ಪ್ರಾಣಿಗಳ ವರ್ತನೆಯ ಸಂಶೋಧಕಿ ಜೀನ್ ಆಲ್ಟ್‌ಮನ್ 1974ರ ತಮ್ಮ ಪ್ರಬಂಧದಲ್ಲಿ ವಿವರವಾಗಿ ತೋರಿಸಿದ ನಂತರ, ಹೀಗೆ ಗಡಿಯಾರಕ್ಕೆ ಕಟ್ಟುಬಿದ್ದು ದಾಖಲಿಸುವುದು ನಮ್ಮ ಕ್ಷೇತ್ರದಲ್ಲಿ ರೂಢಿಯಾಗಿದೆ. ಆದರೆ ಗಡಿಯಾರ ಸರಿಯಿದ್ದ ಮಾತ್ರಕ್ಕೆ ಕಣ್ಣು ಸರಿಯಿರಬೇಕೆಂದಿಲ್ಲ. ಕೈ ಬಾಯಿಗೆ ಹೋದದ್ದನ್ನು ಕಂಡಾಗಲೆಲ್ಲ ನಾನು "ಹಣ್ಣು ತಿನ್ನುತ್ತಿದೆ" ಎಂದು ಬರೆದುಬಿಡುತ್ತಿದ್ದೆ.

ಮಳೆ ಬಿಟ್ಟ ಒಂದು ಬೆಳಿಗ್ಗೆ ಹೆಣ್ಣು ಸಿಂಗಳೀಕವೊಂದು ನಮಗಿಂತ ಆರೇಳು ಮೀಟರ್ ಮೇಲಿನ ಕೊಂಬೆಗೆ ಇಳಿದು ಕುಳಿತಿತು. ಕವಲಿನಲ್ಲಿ ಸಿಕ್ಕಿಕೊಂಡಿದ್ದ, ಸುರುಳಿ ಸುತ್ತಿದ ಒಣ ಎಲೆಯೊಂದನ್ನು ಎರಡೂ ಕೈಗಳಿಂದ ಎತ್ತಿಕೊಂಡು ಮೂಸಿತು. ಹೆಬ್ಬೆರಳಿನಿಂದ ಅದರ ಅಂಚನ್ನು ನಿಧಾನವಾಗಿ ಬಿಡಿಸಿತು. ಒಳಗಿದ್ದ ಏನನ್ನೋ ತುಟಿಯಿಂದಲೇ ಹೆಕ್ಕಿಕೊಂಡು ಎಲೆಯನ್ನು ಕೆಳಕ್ಕೆ ಬಿಟ್ಟಿತು. ಆ ಎಲೆಯನ್ನು ಎತ್ತಿ ನೋಡಿದೆ. ಒಳಗೆ ಜೇಡರ ಬಲೆಯ ಎಳೆಗಳು ಮಾತ್ರ ಉಳಿದಿದ್ದವು. ಮುಂದಿನ ಅರ್ಧ ಗಂಟೆ ಅದು ಮಾಡಿದ್ದು ಇದನ್ನೇ: ತೊಗಟೆ ಕೆದಕುವುದು, ಎಲೆ ಬಿಡಿಸುವುದು, ಪೊಟರೆಗೆ ಬೆರಳು ಹಾಕುವುದು. ನಡುನಡುವೆ ಕೆನ್ನೆಚೀಲದಲ್ಲಿ ಮೊದಲೇ ತುಂಬಿಕೊಂಡಿದ್ದ ಹಣ್ಣನ್ನು ಕೈಯ ಹಿಂಬದಿಯಿಂದ ಒತ್ತಿ ಬಾಯಿಗೆ ತಂದುಕೊಳ್ಳುತ್ತಿತ್ತು. ಹುಡುಕುವುದು, ತುಂಬಿಕೊಳ್ಳುವುದು, ತಿನ್ನುವುದು ಮೂರೂ ಬೇರೆ ಬೇರೆ ಕೆಲಸಗಳು. ನಾನು ಮೂರನ್ನೂ ಒಂದೇ ಕಾಲಮಿನಲ್ಲಿ ತುಂಬಿಸಿದ್ದೆ. ಅಲ್ಲಿಯವರೆಗಿನ ಎರಡು ತಿಂಗಳ ಆಹಾರದ ದಾಖಲೆಯನ್ನು ಬದಿಗಿಟ್ಟೆ. ಸಂಕಟವಾಯಿತು, ಆದರೆ ತಪ್ಪು ಅಂಕಿಯೊಂದು ಈ ಪ್ರಾಣಿಗೆ ಯಾವ ಮರ ಬೇಕು, ಯಾವುದು ಬೇಡ ಎಂಬ ತೀರ್ಮಾನದವರೆಗೂ ಹೋಗಿ ಮುಟ್ಟಬಹುದು.

ಮಳೆಗಾಲದಲ್ಲಿ ಮಂಜು ಕವಿದರೆ ಹತ್ತು ಮೀಟರ್ ಆಚೆಗಿನದೂ ಕಾಣುವುದಿಲ್ಲ. ಅಂಥ ಹೊತ್ತಿನಲ್ಲಿ ಸದ್ದು ಕೇಳಿ ಊಹಿಸಿ ಬರೆಯುವ ಆಸೆಯಾಗುತ್ತದೆ. "ಕಾಣಲಿಲ್ಲ" ಎಂದೇ ಬರೆಯುವ ಅಭ್ಯಾಸವನ್ನು ನಾನು ಹಟ ಹಿಡಿದು ಮಾಡಿಕೊಂಡೆ. ಉಂಬಳಗಳಿಗೆ ಮೊಣಕಾಲಿನವರೆಗಿನ ದಪ್ಪ ಬಟ್ಟೆಯ ಕಾಲುಚೀಲ ಸಾಕು. ಹೆದರಬೇಕಾದದ್ದು ಬೇಸಿಗೆಯ ಉಣುಗುಗಳಿಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ, ಉಣುಗುಗಳ ಕಡಿತದಿಂದ ಹರಡುವ ಮಂಗನ ಕಾಯಿಲೆ ಈ ಭಾಗದಲ್ಲಿಯೂ ಇದೆ. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಆರೋಗ್ಯ ಇಲಾಖೆಗೆ ಮತ್ತು ಅರಣ್ಯ ಇಲಾಖೆಗೆ ತಿಳಿಸುವುದು, ಬಿಡಾರಕ್ಕೆ ಬಂದೊಡನೆ ಬಟ್ಟೆ ಬದಲಿಸಿ ಬಿಸಿನೀರಿನಲ್ಲಿ ಸ್ನಾನ ಮಾಡುವುದು, ನಮಗೆ ನೆಗಡಿಯಿದ್ದರೆ ಗುಂಪಿನ ಹತ್ತಿರ ಹೋಗದಿರುವುದು, ಇವನ್ನು ನಾವು ಒಮ್ಮೆಯೂ ಸಡಿಲಿಸಲಿಲ್ಲ.

ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಉಪ್ಪಾಗೆ ಎಂಬ ಹುಳಿ ಕಾಡುಹಣ್ಣಿನದು. ಮಳೆಗಾಲದಲ್ಲಿ ಹಣ್ಣಾಗುವ ಇದು ಸಿಂಗಳೀಕಗಳಿಗೂ ಬೇಕು, ಸಿಪ್ಪೆಯನ್ನು ಒಣಗಿಸಿ ಮಾರಿ ಬದುಕುವ ಕುಟುಂಬಗಳಿಗೂ ಬೇಕು. ಕಾಡಿನ ಮರ ಯಾರೊಬ್ಬರದೂ ಅಲ್ಲದ ಕಾರಣ, ತಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆಂದು ಹಣ್ಣಾಗುವ ಮೊದಲೇ ಕೊಯ್ಲು ಆಗಿಬಿಡುತ್ತದೆ. ಒಂದು ವರ್ಷ ಗುಂಪು ಉಪ್ಪಾಗೆ ಮರಗಳಿರುವ ಇಳಿಜಾರಿನತ್ತ ಸುಳಿಯಲೇ ಇಲ್ಲ; ಕಾರಣಕ್ಕಾಗಿ ನಾನು ಹವಾಮಾನದ ಅಂಕಿಗಳಲ್ಲಿ ಹುಡುಕುತ್ತಿದ್ದೆ. ಜೊತೆಗಿದ್ದ ಹಿರಿಯರು, "ಕಾಯಿ ಇದ್ರೆ ಅಲ್ದ ಬರೂದು, ಕೊಯ್ದು ಎಂಟು ದಿನ ಆತು" ಎಂದರು. ನನ್ನ ಪಟ್ಟಿಯಲ್ಲಿ ಮರದ ಹೆಸರಿತ್ತು, ಸುತ್ತಳತೆಯಿತ್ತು, ಕಾಯಿಯ ಅಂದಾಜಿತ್ತು. ಕೊಯ್ಲಿನ ದಿನ ಇರಲಿಲ್ಲ. ಆ ರಾತ್ರಿಯೇ ಗೆರೆ ಎಳೆದು ಆ ಕಾಲಮ್ಮನ್ನು ಸೇರಿಸಿದೆ. ಅದನ್ನು ತುಂಬಿಸುವವರು ಈಗ ಆ ಹಿರಿಯರೇ.